ಇಲ್ಲಿಗಾ, ಪಾರ್ಸೆಲ್ಲಾ?

ಬಿಲ್ ಕೌಂಟರಿನವನು ತಲೆ ಎತ್ತುವುದಿಲ್ಲ. "ಎರಡು ಮಸಾಲೆ, ಒಂದು ಇಡ್ಲಿ ವಡೆ" ಎಂದ ಕೂಡಲೇ ಅವನ ಬಾಯಿಂದ ಬರುವುದು ಒಂದೇ ಮಾತು: "ಇಲ್ಲಿಗಾ, ಪಾರ್ಸೆಲ್ಲಾ?" ಸಂಜೆ ಏಳೂವರೆಯ ಹೊತ್ತಿಗೆ ಬೆಂಗಳೂರಿನ ನಮ್ಮ ಬಡಾವಣೆಯ ದರ್ಶಿನಿಯಲ್ಲಿ ಈ ಪ್ರಶ್ನೆ ನಿಮಿಷಕ್ಕೆ ನಾಲ್ಕು ಸಲವಾದರೂ ಕೇಳಿಸುತ್ತದೆ. ಆಡಿ ಆಡಿ ಸವೆದುಹೋಗಿ ಅದಕ್ಕೀಗ ಪ್ರಶ್ನೆಯ ದನಿಯೂ ಉಳಿದಿಲ್ಲ. "ಇಲ್ಲಿಗೇ" ಎಂದವರು ಎಡಕ್ಕೆ ಸರಿದು ದೋಸೆಯ ಕಾವಲಿ ಕಡೆ ಹೋಗುತ್ತಾರೆ. "ಪಾರ್ಸೆಲ್" ಎಂದವರು ಬಲಕ್ಕೆ. ಬಲಗಡೆಯ ಗೋಡೆಯ ಮೇಲೊಂದು ಬೋರ್ಡು, "ಪಾರ್ಸಲ್ ಚಾರ್ಜ್ ಪ್ರತ್ಯೇಕ." ಬಿಲ್ಲಿನಲ್ಲಿ ಅದೇ ಪದ "ಪಾರ್ಸೆಲ್" ಆಗಿದೆ. ಪಕ್ಕದ ಬಿರಿಯಾನಿ ಅಂಗಡಿಯವನು ಒಂದು ದೀರ್ಘ ಸೇರಿಸಿ "ಪಾರ್ಸೇಲ್" ಎಂದು ಬರೆಸಿದ್ದಾನೆ. ಕಾಗುಣಿತ ಇನ್ನೂ ಒಂದು ನೆಲೆಗೆ ನಿಂತಿಲ್ಲ. ಅರ್ಥದ ಬಗ್ಗೆ ಮಾತ್ರ ಯಾರಿಗೂ ಅನುಮಾನವಿಲ್ಲ.

ತಮಾಷೆಯೆಂದರೆ ಆ ಅರ್ಥ ಇಂಗ್ಲಿಷರಿಗೇ ಗೊತ್ತಿಲ್ಲ. ಲಂಡನ್ನಿನ ಹೋಟೆಲಿನಲ್ಲಿ ನಿಂತು "ಪಾರ್ಸೆಲ್" ಎಂದರೆ ಅಂಚೆ ಕಚೇರಿಯ ದಾರಿ ತೋರಿಸಿಯಾರು. ಅವರಿಗೆ ಅದು ಟೇಕ್‌ಅವೇ, ಅಮೆರಿಕದವರಿಗೆ ಟು ಗೋ. ಮೊದಲ ಸಲ ವಿದೇಶಕ್ಕೆ ಹೋದ ನಮ್ಮ ಹುಡುಗರು ಎಡವುವ ಪದಗಳಲ್ಲಿ ಇದೂ ಒಂದು. ಪದ ಅವರದೇ, ಉಚ್ಚಾರವೂ ಸರಿಯೇ, ಆದರೆ ಎದುರಿಗಿದ್ದವರು ಕಣ್ಣುಕಣ್ಣು ಬಿಡುತ್ತಾರೆ. ಪದ ನಮ್ಮಲ್ಲಿ ಅಷ್ಟು ದೂರ ನಡೆದುಬಿಟ್ಟಿದೆ. ಇಲ್ಲಿ ಪಾರ್ಸೆಲ್ ಎಂದರೆ ಪೊಟ್ಟಣವಷ್ಟೇ ಅಲ್ಲ, ಈ ತಿಂಡಿ ಇಲ್ಲಿ ತಿನ್ನುವುದಕ್ಕಲ್ಲ, ಹೊರಗೆ ಹೋಗುತ್ತದೆ ಎಂದು ಹೇಳುವ ಪದ. ಸಪ್ಲೈಯರ್ ಅಡುಗೆಮನೆಯ ಕಿಂಡಿಗೆ ಬಾಯಿಟ್ಟು "ಮೂರು ಪೂರಿ, ಒಂದು ಪಾರ್ಸೇಏಲ್" ಎಂದು ರಾಗ ಎಳೆದಾಗ ಒಳಗಿನವರಿಗೆ ಕಟ್ಟಿನ ಚಿತ್ರ ಬರುವುದಿಲ್ಲ, ಆ ಒಂದು ಪೂರಿಗೆ ಪ್ಲೇಟು ಬೇಡ ಎಂದು ಗೊತ್ತಾಗುತ್ತದೆ, ಅಷ್ಟೆ.

ಬಲಗಡೆ ನಿಂತು ಪಾರ್ಸೆಲ್ ಕಟ್ಟುವವರು ಕುಂದಾಪುರದ ಕಡೆಯವರು, ಐವತ್ತು ದಾಟಿದ ವಯಸ್ಸು. ಹೋಟೆಲಿನ ಹುಡುಗರಿಗೆಲ್ಲ ಅವರು ಪಾರ್ಸೆಲ್ ಅಣ್ಣ. ಇಡ್ಲಿ, ಬಾತುಗಳಿಗೆ ಈಗ ಮುಚ್ಚಳದ ಬಿಳಿ ಡಬ್ಬಿ ಬಂದಿದೆ. ಅದನ್ನು ಅವರು ನೋಡದೆಯೇ ತುಂಬಿ, ಮುಚ್ಚಳವನ್ನು ಅಂಗೈಯಿಂದ ಒಮ್ಮೆ ಒತ್ತಿ, ಆಚೆ ತಳ್ಳುತ್ತಾರೆ. ಅವರ ಕೈಯ ನಿಜವಾದ ವಿದ್ಯೆ ನೋಡಬೇಕಾದರೆ ಮಸಾಲೆ ದೋಸೆಯವರೆಗೆ ಕಾಯಬೇಕು. ಕೆಳಗೆ ಹಾಳೆ, ಹಾಳೆಯ ಮೇಲೆ ಬಾಳೆಲೆಯ ತುಂಡು, ಎಲೆಯ ಮೇಲೆ ದೋಸೆ. ಪಲ್ಯದ ಉಬ್ಬು ನಡುವೆ ಬರುವಂತೆ ದೋಸೆಯನ್ನು ಮಡಿಸಿ, ಎಡದ ಅಂಚು, ಬಲದ ಅಂಚು, ಆಮೇಲೆ ಮೇಲಿನದು, ಕೆಳಗಿನದು. ನೂಲಿನ ಉಂಡೆ ತಲೆಯ ಮೇಲೆಲ್ಲೋ ಒಂದು ತೂತು ಡಬ್ಬದಲ್ಲಿ ಕೂತಿದೆ. ಉಂಡೆ ಕಾಣುವುದಿಲ್ಲ, ದಾರವೊಂದೇ ಜೇಡನ ಎಳೆಯ ಹಾಗೆ ಇಳಿದು ಬಂದು ಅವರ ಮೂಗಿನ ಮುಂದೆ ತೂಗುತ್ತಿರುತ್ತದೆ. ಅದರ ತುದಿ ಹಿಡಿದು ಉದ್ದಕ್ಕೆ ಎರಡು ಸುತ್ತು, ಅಡ್ಡಕ್ಕೆ ಎರಡು ಸುತ್ತು. ಗಂಟು ಹಾಕುವುದೇ ಇಲ್ಲ. ಸುತ್ತಿನ ಅಡಿ ತುದಿಯನ್ನು ತೂರಿಸಿ, ಮಿಕ್ಕಿದ್ದನ್ನು ತೋರುಬೆರಳಿಗೆ ಸುತ್ತಿ ಒಂದು ಜಗ್ಗು. ಟಪ್. ಕತ್ತರಿ ಇಲ್ಲ, ಬ್ಲೇಡ್ ಇಲ್ಲ. ಅದೇ ಕೆಲಸವನ್ನು ನಾನು ಮನೆಯಲ್ಲಿ ಮಾಡಲು ಹೋಗಿ ಬೆರಳು ಕೊಯ್ದುಕೊಂಡಿದ್ದೇನೆ.

ಚಟ್ನಿಯದು ಇನ್ನೂ ನಾಜೂಕು. ಕವರಿನ ಬಾಯಿಯನ್ನು ಎರಡು ಬೆರಳಲ್ಲಿ ಉಜ್ಜಿ ತೆರೆಯಬೇಕು, ಒಂದು ಸೌಟು ಇಳಿಸಬೇಕು, ಒಳಗೆ ಒಂದಿಷ್ಟು ಗಾಳಿ ಉಳಿಯುವ ಹಾಗೆ ಕತ್ತು ತಿರುಚಬೇಕು, ಆ ಕತ್ತಿಗೆ ದಾರ ಮೂರು ಸುತ್ತು. ಗಾಳಿ ಉಳಿಯದಿದ್ದರೆ ಸ್ಕೂಟರಿನ ಮೊದಲ ಹಂಪಿಗೇ ಒಡೆಯುತ್ತದೆಯಂತೆ. ಆ ಕಟ್ಟನ್ನು ಮನೆಯಲ್ಲಿ ಬಿಚ್ಚಿದವರನ್ನು ನಾನು ಕಂಡಿಲ್ಲ. ಎಲ್ಲರೂ ಕೊನೆಗೆ ಕತ್ತರಿಗೆ ಶರಣು, ಇಲ್ಲವೇ ಹಲ್ಲಿಗೆ.

ನಮ್ಮಮ್ಮ ಒಬ್ಬಳು ಅಪವಾದ. ಕತ್ತರಿ ಮುಟ್ಟಲು ಬಿಡುತ್ತಿರಲಿಲ್ಲ. ಪಾರ್ಸೆಲ್ಲಿನ ದಾರವನ್ನು ಉಗುರಲ್ಲಿ ಬಿಡಿಸಿ, ನೇರ ಮಾಡಿ, ಅಡುಗೆಮನೆಯ ಗೂಡಿನಲ್ಲಿದ್ದ ಉಂಡೆಗೆ ಸುತ್ತುತ್ತಿದ್ದಳು. ಆ ಉಂಡೆಯಿಂದ ಹಿತ್ತಲ ಮಲ್ಲಿಗೆಗೆ ದಾರ, ಹಪ್ಪಳದ ಡಬ್ಬಿಯ ಬಾಯಿಗೆ ಬಟ್ಟೆ ಬಿಗಿಯಲು ದಾರ, ಗಾಳಿಪಟ ಹರಿದಾಗ ನನಗೂ ಒಂದು ಮಾರು.

ಆ ದಾರ ಮನೆಗೆ ಬರುತ್ತಿದ್ದದ್ದು ಅಪ್ಪನ ಕೈಚೀಲದಲ್ಲಿ. ತಿಂಗಳಿಗೊಮ್ಮೆ ಅಡಿಕೆ ಮಂಡಿಗೆಂದು ಶಿವಮೊಗ್ಗಕ್ಕೆ ಹೋದವರು ಕೊನೆಯ ಬಸ್ಸಿಗೆ ವಾಪಸಾಗುವಾಗ ಎರಡು ಮಸಾಲೆ ದೋಸೆ ಕಟ್ಟಿಸಿಕೊಂಡು ಬರುತ್ತಿದ್ದರು. ಎರಡೇ. ಮನೆಯಲ್ಲಿ ನಾವು ಏಳು ಜನ. ಬಸ್ಸಿನ ಎರಡು ಗಂಟೆಯ ಕುಲುಕಾಟದಲ್ಲಿ ದೋಸೆ ತನ್ನ ಗರಿಯನ್ನೆಲ್ಲ ಕಳೆದುಕೊಂಡು ಒದ್ದೆ ಟವೆಲಿನ ಹಾಗಾಗಿರುತ್ತಿತ್ತು. ಬೆಂದ ಬಾಳೆಲೆ, ಬೆಣ್ಣೆ, ಆಲೂಗಡ್ಡೆ ಪಲ್ಯ, ಪೇಪರಿನ ಮಸಿ, ನಾಲ್ಕೂ ಕೂಡಿದ ಆ ವಾಸನೆಯನ್ನು ಕಾವಲಿಯಿಂದ ಆಗಷ್ಟೇ ಇಳಿದ ಯಾವ ದೋಸೆಯಲ್ಲೂ ಆಮೇಲೆ ನಾನು ಕಂಡಿಲ್ಲ. ಕಟ್ಟು ಬಿಚ್ಚುವ ಅಧಿಕಾರ ಅಜ್ಜಿಯದು. ಆಕೆ ತಾನೂ ಒಂದು ಚೂರು ಬಾಯಿಗೆ ಹಾಕಿಕೊಂಡು, "ಹೋಟ್ಲು ತಿಂಡಿ ಎಂಥದಕ್ಕೆ" ಎಂದು ಗೊಣಗುತ್ತಲೇ ಎರಡು ದೋಸೆಯನ್ನು ಏಳು ಪಾಲು ಮಾಡುತ್ತಿದ್ದಳು. ಪಲ್ಯ ಯಾರಿಗೆ ಹೆಚ್ಚು ಹೋಯಿತು ಎಂಬ ಜಗಳ ಮಾರನೆಯ ದಿನದವರೆಗೂ ನಡೆಯುತ್ತಿತ್ತು.

ಬಹಳ ವರ್ಷಗಳ ಮೇಲೆ ನಿಘಂಟು ತೆಗೆದು ನೋಡಿದಾಗ ನಗು ಬಂತು. ಲ್ಯಾಟಿನ್ನಿನಲ್ಲಿ ಭಾಗ ಎಂಬರ್ಥದ ಪದದಿಂದ ಹುಟ್ಟಿ, ಫ್ರೆಂಚಿನ ದಾರಿಯಲ್ಲಿ ಇಂಗ್ಲಿಷಿಗೆ ಬಂದ ಪಾರ್ಸೆಲ್ಲಿಗೆ ಮೂಲದಲ್ಲಿ ಇದ್ದ ಅರ್ಥ ಸಣ್ಣ ಪಾಲು, ಚೂರು, ತುಣುಕು. ಪಾರ್ಟಿಕಲ್ ಅದರ ಒಡಹುಟ್ಟು. ಕಟ್ಟುವುದು, ಸುತ್ತುವುದು, ದಾರ, ಕಾಗದ ಇದ್ಯಾವುದೂ ಮೊದಲಿಗೆ ಅದರಲ್ಲಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಪಾರ್ಸೆಲ್-ಗಿಲ್ಟ್ ಎಂದರೆ ಪೂರ್ತಿಯಲ್ಲ, ಭಾಗಶಃ ಚಿನ್ನದ ಲೇಪ ಕಂಡ ಬೆಳ್ಳಿಪಾತ್ರೆ. ಷೇಕ್ಸ್‌ಪಿಯರನ ನಾಲ್ಕನೇ ಹೆನ್ರಿ ನಾಟಕದ ಎರಡನೇ ಭಾಗದಲ್ಲಿ ಹೋಟೆಲಿನ ಯಜಮಾನಿ ಸಾಲಗಾರ ಫಾಲ್‌ಸ್ಟಾಫನನ್ನು ತರಾಟೆಗೆ ತೆಗೆದುಕೊಳ್ಳುವಾಗ ಅಂಥ ಬಟ್ಟಲಿನ ಮಾತು ಬರುತ್ತದೆ. ವಕೀಲರ "ಪಾರ್ಟ್ ಅಂಡ್ ಪಾರ್ಸೆಲ್" ಕೂಡ ಒಂದೇ ಅರ್ಥವನ್ನು ಎರಡು ಸಲ ಹೇಳುವ ಜೋಡಿ, ನಮ್ಮ ಕ್ರಯಪತ್ರದವರು ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಎಂದು ಉದ್ದ ಎಳೆದಂತೆ. ಸಮುದ್ರದವರ ಬಾಯಲ್ಲಿ ಹಗ್ಗಕ್ಕೆ ನೀರು ತಾಗದಂತೆ ಟಾರು ಬಳಿದ ಕ್ಯಾನ್ವಾಸಿನ ಪಟ್ಟಿ ಸುತ್ತುವುದೂ ಪಾರ್ಸೆಲ್ ಮಾಡುವುದೇ. ವಜ್ರದ ವ್ಯಾಪಾರಿಗಳು ಒಟ್ಟಿಗೆ ಮಾರಾಟಕ್ಕಿಟ್ಟ ಒಂದು ಗುಂಪು ಹರಳುಗಳನ್ನು ಇವತ್ತಿಗೂ ಹಾಗೆಯೇ ಕರೆಯುತ್ತಾರೆ.

ಜಮೀನಿನ ಲೆಕ್ಕದಲ್ಲಿ ಮಾತ್ರ ಆ ಹಳೆಯ ಅರ್ಥ ಕೊಂಚವೂ ಕರಗಿಲ್ಲ. ಇಂಗ್ಲಿಷಿನಲ್ಲಿ ಗಡಿ ಗುರುತಿಸಿದ ನೆಲದ ತುಂಡು ಒಂದು ಪಾರ್ಸೆಲ್. ನಮ್ಮ ಪಹಣಿಯಲ್ಲಿ ಅದಕ್ಕೆ ಬೇರೆ ಪದಗಳಿವೆ: ಸರ್ವೆ ನಂಬರು, ಅದರೊಳಗೆ ಹಿಸ್ಸಾ, ಹಿಸ್ಸಾ ಬೇರೆಯಾಗಲು ಪೋಡಿ. ಹಿಸ್ಸಾ ಎಂದರೂ ಪಾಲೇ. ಈಗ ಬೆಂಗಳೂರಿನ ಸುತ್ತಲಿನ ದಲ್ಲಾಳಿಗಳು ರಾಗಿ ಹೊಲ ತೋರಿಸಿ "ಒಳ್ಳೇ ಲ್ಯಾಂಡ್ ಪಾರ್ಸೆಲ್ ಸಾರ್" ಎನ್ನತೊಡಗಿದ್ದಾರೆ. ಸರ್ಕಾರವೂ ದೇಶದ ಪ್ರತಿ ಭೂಭಾಗಕ್ಕೆ ಭೂ-ಆಧಾರ್ ಎಂದು 14 ಅಂಕಿಯ ಸಂಖ್ಯೆ ಕೊಡುತ್ತಿದೆ. ಅಜ್ಜಿ ಏಳು ಪಾಲು ಮಾಡಿದ ದೋಸೆಗೂ, ದೊಡ್ಡಪ್ಪ ಚಿಕ್ಕಪ್ಪಂದಿರು ಆಮೇಲೆ ಪೋಡಿ ಮಾಡಿಸಿಕೊಂಡ ತೋಟಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ ಸಾಕಾಗುತ್ತಿತ್ತು. ತೋಟದ ಜಗಳವೂ ಮಾರನೆಯ ದಿನಕ್ಕೇ ಮುಗಿಯಬಹುದಿತ್ತು, ಮುಗಿಯಲಿಲ್ಲ.

ಪಾರ್ಸೆಲ್ ಬರುವ ಮುಂಚೆ ನಮಗೆ ಪದಗಳಿರಲಿಲ್ಲವೇ? ಬೇಕಾದಷ್ಟು. ಸಣ್ಣದು ಪೊಟ್ಟಣ, ಬಟ್ಟೆಯದು ಗಂಟು, ದೊಡ್ಡದು ಮೂಟೆ, ದಾರಿಯ ಊಟ ಬುತ್ತಿ. ಎಲ್ಲಕ್ಕೂ ಹೊಂದುವ ಕ್ರಿಯಾಪದ ಒಂದೇ, ಕಟ್ಟು. ಹೂ ಕಟ್ಟುತ್ತೇವೆ, ಮನೆ ಕಟ್ಟುತ್ತೇವೆ, ತಾಳಿ ಕಟ್ಟುತ್ತೇವೆ, ಫೀಸು ಕಟ್ಟುತ್ತೇವೆ, ಬುತ್ತಿಯನ್ನೂ ಕಟ್ಟುತ್ತೇವೆ. ಅಪ್ಪನ ಕಾಲದಲ್ಲಿ ಹೋಟೆಲಿನಲ್ಲಿ ಕೇಳುತ್ತಿದ್ದದ್ದೂ "ಎರಡು ದೋಸೆ ಕಟ್ಟಿಕೊಡಿ" ಎಂದೇ. ಇಂಗ್ಲಿಷ್ ಪದ ಬಂದ ಮೇಲೂ ಆ ಕ್ರಿಯಾಪದ ಜಾಗ ಬಿಡಲಿಲ್ಲ. "ಪಾರ್ಸೆಲ್ ಕಟ್ಟಿ" ಎನ್ನುತ್ತೇವೆ, ಡಬ್ಬಿಯ ಮುಚ್ಚಳ ಒತ್ತುವ ಕಾಲದಲ್ಲೂ. ಒಡೆಯುವುದಕ್ಕೆ ಹುಟ್ಟಿದ ಪದ ಇಲ್ಲಿಗೆ ಬಂದು ಕಟ್ಟಿನ ಜೊತೆ ಸಂಸಾರ ಹೂಡಿತು. ಮನೆಯಲ್ಲಿ ಕಾದಿರುವವರ ಪಾಲು ಎಂಬ ಅರ್ಥಕ್ಕೆ ನಮ್ಮ ಹೋಟೆಲುಗಳು ಅದನ್ನು ವಾಪಸು ತಂದು ನಿಲ್ಲಿಸಿವೆ ಎಂದೇ ನನ್ನ ಎಣಿಕೆ. ಇನ್ನು ಹಂಚಿ ತಿನ್ನುವುದಕ್ಕೆ ಬೆಂಗಳೂರಿಗರು ಬೇರೊಂದು ಇಂಗ್ಲಿಷ್ ಜೋಡಿಯನ್ನು ಹಿಡಿದು ಪಳಗಿಸಿದ್ದಾರೆ, ಬೈಟು. ಬೈಟು ಕಾಫಿ ಇಲ್ಲಿಗೆ, ದೋಸೆ ಪಾರ್ಸೆಲ್. ಇದನ್ನು ಯಾವ ಇಂಗ್ಲಿಷರಿಗೆ ಅನುವಾದಿಸಿ ಹೇಳುವುದು?

ಅಂಚೆಯವರ ಪಾರ್ಸೆಲ್ ಇದಕ್ಕಿಂತ ಗಂಭೀರ ವ್ಯಕ್ತಿ. ಬ್ರಿಟನ್ನಿನಲ್ಲಿ ಪಾರ್ಸೆಲ್ ಅಂಚೆ ಶುರುವಾದದ್ದು 1883ರ ಆಗಸ್ಟ್ 1ರಂದು. ಮೊದಮೊದಲು 7 ಪೌಂಡು, ಅಂದರೆ ಸುಮಾರು 3 ಕಿಲೋ ಮೇಲ್ಮಿತಿ. ಅಲ್ಲಿಯವರೆಗೆ ಲೆಟರ್ ಕ್ಯಾರಿಯರ್ ಎನಿಸಿಕೊಂಡಿದ್ದವರು, ಹೆಗಲಿಗೆ ಪತ್ರದ ಜೊತೆ ಪೊಟ್ಟಣವೂ ಬಿದ್ದ ಮೇಲೆ ಆ ಹೆಸರು ಸಾಲದೆ ಪೋಸ್ಟ್‌ಮನ್ ಆದರು. ನಾವು ಊರೂರಿನಲ್ಲಿ ಕೂಗಿ ಕರೆದ "ಪೋಸ್ಟ್‌ಮ್ಯಾನ್" ಪಾರ್ಸೆಲ್ಲಿನ ಮಗು. ನಮ್ಮ ದೇಶದಲ್ಲಿ ಅದಕ್ಕೂ ಮುಂಚೆ, 1877ರಲ್ಲೇ, ವಿ.ಪಿ.ಪಿ. ಬಂದಿತ್ತು. ಕಟ್ಟು ಬಿಡಿಸಿಕೊಳ್ಳುವವರು ಬಾಗಿಲಲ್ಲೇ ದುಡ್ಡು ಕೊಡಬೇಕು, ಅಂಚೆಯವರು ಅದನ್ನು ಕಳಿಸಿದವರಿಗೆ ಮುಟ್ಟಿಸುತ್ತಾರೆ. ಕ್ಯಾಷ್ ಆನ್ ಡೆಲಿವರಿ ಎಂದು ಮೊಬೈಲಿನಲ್ಲಿ ಒತ್ತುವವರು ಒತ್ತುತ್ತಿರುವುದು ಮುತ್ತಜ್ಜನ ಕಾಲದ ಗುಂಡಿಯನ್ನೇ. ಪುಸ್ತಕದಂಗಡಿ ಇಲ್ಲದ ಊರುಗಳಿಗೆ ಕನ್ನಡ ಕಾದಂಬರಿಗಳು ಬಂದದ್ದು ಹೆಚ್ಚಾಗಿ ಇದೇ ವಿ.ಪಿ.ಪಿ.ಯಲ್ಲಿ.

ಅಂಚೆ ಪಾರ್ಸೆಲ್ಲಿನ ವಿಧಿಯನ್ನು ನೋಡಿದವರಿಗೆ ಅದು ಮರೆಯುವುದಿಲ್ಲ. ರಟ್ಟಿನ ಡಬ್ಬಿಯ ಮೇಲೆ ಒರಟು ಬಿಳಿ ಬಟ್ಟೆ ಹೊದಿಸಿ, ದಬ್ಬಣದಲ್ಲಿ ಒತ್ತೊತ್ತಾಗಿ ಹೊಲಿಗೆ. ದೊಡ್ಡ ಅಂಚೆ ಕಚೇರಿಗಳ ಹೊರಗೆ ಅದಕ್ಕಾಗಿಯೇ ಕೂರುವವರಿದ್ದರು. ಹೊಲಿಗೆಯ ಉದ್ದಕ್ಕೂ ಕೆಂಪು ಅರಗನ್ನು ಮೇಣದಬತ್ತಿಗೆ ಹಿಡಿದು ಕರಗಿಸಿ ತೊಟ್ಟು ತೊಟ್ಟು ಬೀಳಿಸುವುದು, ಆರುವ ಮೊದಲೇ ಹಿತ್ತಾಳೆಯ ಮೊಹರನ್ನು ಒತ್ತುವುದು. ಬಟ್ಟೆಯ ಮೇಲೆ ಶಾಯಿ ಹರಡದಂತೆ ವಿಳಾಸ ಬರೆಯುವುದೇ ಒಂದು ಕಲೆ. ಕೊಡಗಿನ, ಧಾರವಾಡದ ಎಷ್ಟೋ ಮನೆಗಳಿಂದ ಸೇನೆಯ ಹುಡುಗರಿಗೆ ಚಕ್ಕುಲಿ, ಉಂಡೆ, ಚಟ್ನಿಪುಡಿ ಹೀಗೆ ಮೈತುಂಬ ಹೊಲಿಸಿಕೊಂಡು ಹೋಗಿವೆ. ಅರಗಿನ ಚೂರು ಚಟ್ನಿಪುಡಿಯೊಳಗೆ ಸಿಕ್ಕಿತೆಂದು ನನ್ನ ಸೋದರಮಾವ ಪತ್ರ ಬರೆದಿದ್ದ. ಅದನ್ನು ಅವನು ಮೆಣಸಿನಕಾಯಿ ಎಂದುಕೊಂಡು ಅಗಿದನಂತೆ.

ಅಮೆರಿಕದಲ್ಲಿ ಪಾರ್ಸೆಲ್ ಅಂಚೆ 1913ರ ಜನವರಿ 1ರಂದು ಬಂತು. ಬಂದ ಹೊಸತರಲ್ಲಿ ಜನ ಏನೆಲ್ಲ ಕಳಿಸಬಹುದು ಎಂದು ಪರೀಕ್ಷೆ ಮಾಡಿಯೇ ನೋಡಿದರು. ಮರುವರ್ಷ ಫೆಬ್ರವರಿಯಲ್ಲಿ ಐಡಹೊ ರಾಜ್ಯದಲ್ಲಿ ಮೇ ಪಿಯರ್ಸ್‌ಟಾರ್ಫ್ ಎಂಬ ಐದು ವರ್ಷದ ಹುಡುಗಿಯನ್ನೇ ಪಾರ್ಸೆಲ್ ಮಾಡಿದರು. ಅಂಚೆಯ ಮಿತಿ 50 ಪೌಂಡು, ಹುಡುಗಿಯ ತೂಕ ನಲವತ್ತೆಂಟೂವರೆ. ಕೋಟಿಗೆ 53 ಸೆಂಟಿನ ಸ್ಟಾಂಪು. ರೈಲಿನ ಅಂಚೆ ಡಬ್ಬಿಯಲ್ಲಿ ನೆಂಟನೊಬ್ಬ ನೌಕರನಾಗಿದ್ದ, ಅವನ ಕಣ್ಣಳತೆಯಲ್ಲಿ ಪ್ರಯಾಣ ಮಾಡಿ ಹುಡುಗಿ ಅಜ್ಜಿಯ ಮನೆ ಸೇರಿದಳು. ಅದನ್ನು ಓದಿ ಬೆರಗಾಗುವವರು ಮಲೆನಾಡಿನ ಬಸ್ಸು ಹತ್ತಿಲ್ಲ. ದಸರಾ ರಜಕ್ಕೆ ನನ್ನನ್ನು ಅಜ್ಜನ ಮನೆಗೆ ಕಳಿಸುತ್ತಿದ್ದದ್ದೇ ಹಾಗೆ. ಕೈಗೊಂದು ಚೀಲ ಕೊಟ್ಟು, ಡ್ರೈವರಿನ ಪಕ್ಕದ ಬಾನೆಟ್ಟಿನ ಮೇಲೆ ಕೂರಿಸಿ, "ಇವನನ್ನ ಕೆಳಗಿನ ಪೇಟೆ ಅರಳಿಕಟ್ಟೆ ಹತ್ರ ಇಳಿಸಿಬಿಡಿ, ಮಾವ ಬಂದಿರ್ತಾನೆ" ಎಂದು ಕಂಡಕ್ಟರರಿಗೆ ಒಪ್ಪಿಸಿಬಿಟ್ಟರೆ ಆಯಿತು. ಸ್ಟಾಂಪೂ ಇಲ್ಲ. ಅದೇ ಬಸ್ಸಿನಲ್ಲಿ ಯಾರದೋ ಔಷಧಿ, ದಿನಪತ್ರಿಕೆಯ ಬಂಡಲು, ಹಾಸ್ಟೆಲ್ ಹುಡುಗನ ಊಟದ ಕ್ಯಾರಿಯರ್, ಪಂಪ್‌ಸೆಟ್ಟಿನ ಬಿಡಿಭಾಗ ಎಲ್ಲ ನನ್ನ ಸಹಪ್ರಯಾಣಿಕರು. ರಾಜ್ಯ ರಸ್ತೆ ಸಾರಿಗೆ ನಿಗಮ 2021ರಲ್ಲಿ "ನಮ್ಮ ಕಾರ್ಗೋ" ಎಂದು ಹೆಸರಿಟ್ಟು ರಸೀದಿ ಕೊಡಲು ಶುರುಮಾಡಿದ ಕೆಲಸವನ್ನು ಆ ಕಂಡಕ್ಟರುಗಳು ಬರೀ ಬಾಯಿಮಾತಿನ ಮೇಲೆ ನಡೆಸಿದ್ದರು.

ಮನುಷ್ಯರನ್ನು ಪಾರ್ಸೆಲ್ ಮಾಡುವ ಮಾತು ಕನ್ನಡದಲ್ಲಿ ಈಗಲೂ ಜೀವಂತ. ಜಗಳಗಂಟ ಅಧಿಕಾರಿಗೆ ದೂರದ ಜಿಲ್ಲೆಗೆ ವರ್ಗವಾದರೆ "ಬೀದರಿಗೆ ಪಾರ್ಸೆಲ್ ಮಾಡಿದ್ರು" ಎನ್ನುತ್ತೇವೆ. ಬೀದರಿನವರು ಚಾಮರಾಜನಗರ ಎನ್ನಬಹುದು. ಓದದೆ ಅಲೆಯುವ ಹುಡುಗನನ್ನು ಚಿಕ್ಕಪ್ಪನ ಊರಿಗೆ ಪಾರ್ಸೆಲ್ ಮಾಡುತ್ತಾರೆ. ಈ ಬಳಕೆಯಲ್ಲಿ ಒಂದು ಸಣ್ಣ ಕ್ರೌರ್ಯವಿದೆ: ಹೋಗುವವನನ್ನು ಯಾರೂ ಕೇಳಿಲ್ಲ.

ರೈಲ್ವೆಯ ಪಾರ್ಸೆಲ್ ಆಫೀಸಿಗೆ ಹೋದವರು ಅಲ್ಲಿನ ಗಂಧವನ್ನೇ ಮೊದಲು ನೆನೆಯುತ್ತಾರೆ. ಗೋಣಿ, ಮೀನಿನ ಥರ್ಮಕೋಲ್ ಪೆಟ್ಟಿಗೆಯಿಂದ ಸೋರಿದ ಐಸು, ವೀಳ್ಯದೆಲೆಯ ಬುಟ್ಟಿ, ಪ್ಲಾಟ್‌ಫಾರ್ಮಿನ ಮೂಲೆಗೆ ಒರಗಿಸಿಟ್ಟ, ಪೆಟ್ರೋಲು ಖಾಲಿ ಮಾಡಿ ಹುಲ್ಲು ಗೋಣಿ ಸುತ್ತಿದ ಮೋಟಾರ್ ಸೈಕಲ್ಲು. ಉಡುಪಿ ಕಡೆಯ ಶಂಕರಪುರ ಮಲ್ಲಿಗೆಯ ಪಾರ್ಸೆಲ್ಲಿಗೆ ಮಾತ್ರ ಇಷ್ಟು ಹೊತ್ತು ಕಾಯುವ ವ್ಯವಧಾನವಿಲ್ಲ. ಬೆಳಗ್ಗೆ ಕೊಯ್ದ ಮೊಗ್ಗು ಬಾಳೆನಾರಿನಲ್ಲಿ ಕಟ್ಟಿಸಿಕೊಂಡು, ಚೆಂಡಾಗಿ, ನಾಲ್ಕು ಚೆಂಡು ಸೇರಿ ಅಟ್ಟೆಯಾಗಿ, ಅರಳುವ ಮೊದಲೇ ಮುಂಬೈ ಮುಟ್ಟಬೇಕು. ಹೂವಿನ ಕಟ್ಟೆಯಲ್ಲಿ ಅದರ ಬೆಲೆ ದಿನಕ್ಕೊಂದು.

ಈಚೆಗೆ ಈ ಪದಕ್ಕೆ ಹೆದರಿಕೆಯೂ ಅಂಟಿಕೊಂಡಿದೆ. "ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ" ಎಂದು ಫೋನು ಬರುತ್ತದೆ, ಆಮೇಲೆ ವಿಡಿಯೊದಲ್ಲಿ ಸಮವಸ್ತ್ರದವನೊಬ್ಬ, ಆಮೇಲೆ ಡಿಜಿಟಲ್ ಅರೆಸ್ಟು, ಆಮೇಲೆ ಖಾತೆ ಖಾಲಿ. ಹಾಗೆ ಬಂಧಿಸುವ ಕಾನೂನೇ ಇಲ್ಲ ಎಂದು 2024ರ ಅಕ್ಟೋಬರಿನಲ್ಲಿ ಪ್ರಧಾನಿ ರೇಡಿಯೊದಲ್ಲಿ ಹೇಳಬೇಕಾಯಿತು. ನಮ್ಮ ಬೀದಿಯ ನಿವೃತ್ತ ಮೇಷ್ಟ್ರಿಗೂ ಇಂಥ ಕರೆ ಬಂದಿತ್ತು. "ಯಾವ ಹೋಟ್ಲಿಂದಪ್ಪ?" ಎಂದು ಕೇಳಿದರಂತೆ. ಆ ಕಡೆಯವನು ಫೋನಿಟ್ಟ.

2020ರ ಲಾಕ್‌ಡೌನಿನಲ್ಲಿ ಮಾತ್ರ ಬಿಲ್ ಕೌಂಟರಿನವನ ಪ್ರಶ್ನೆಯಿಂದ ಅರ್ಧ ಕಳಚಿಬಿದ್ದಿತ್ತು. ಜೂನ್ 8ರವರೆಗೆ ಹೋಟೆಲಿನಲ್ಲಿ ಕೂತೋ ನಿಂತೋ ತಿನ್ನುವಂತಿರಲಿಲ್ಲ, "ಪಾರ್ಸೆಲ್‌ಗೆ ಮಾತ್ರ ಅವಕಾಶ." ದರ್ಶಿನಿಯ ಎತ್ತರದ ಮೇಜುಗಳನ್ನು ಒಂದರ ಮೇಲೊಂದು ಪೇರಿಸಿ ಬಾಗಿಲಿಗೆ ಅಡ್ಡ ಇಟ್ಟಿದ್ದರು. ಬಿಳಿ ಬಣ್ಣದಲ್ಲಿ ಬರೆದ ವೃತ್ತಗಳಲ್ಲಿ ನಿಂತು, ಒಬ್ಬೊಬ್ಬರೇ ಪಡೆದು, ಮಾತಿಲ್ಲದೆ ಹೋಗುತ್ತಿದ್ದರು. ಪಾರ್ಸೆಲ್ ಅಣ್ಣ ಆಗ ಊರಿಗೆ ಹೋಗಿದ್ದರು. ಬೇರೆ ಯಾರೋ ಕಟ್ಟುತ್ತಿದ್ದರು, ಚಟ್ನಿ ದಾರಿಯಲ್ಲೇ ಒಡೆಯುತ್ತಿತ್ತು.

ಈಗ ಬಲಗಡೆಯ ಸಾಲಿನಲ್ಲಿ ಮನೆಗೆ ಒಯ್ಯುವವರಿಗಿಂತ ಮನೆಮನೆಗೆ ಮುಟ್ಟಿಸುವ ಹುಡುಗರೇ ಹೆಚ್ಚು. ಬೆನ್ನಿಗೆ ಚೌಕದ ಚೀಲ, ಕಿವಿಗೆ ಇಯರ್‌ಫೋನು. ಅವರು ತಿಂಡಿಯ ಹೆಸರನ್ನೂ ಹೇಳುವುದಿಲ್ಲ, ನಾಲ್ಕು ಅಂಕಿ ಹೇಳುತ್ತಾರೆ. ಕಟ್ಟುವ ಸಾಮಾನೂ ಬದಲಾಗಿದೆ. ಅಚ್ಚಾದ ಪೇಪರಿನಲ್ಲಿ ತಿಂಡಿ ಸುತ್ತಬೇಡಿ, ಮಸಿ ಹೊಟ್ಟೆಗೆ ಹೋಗುತ್ತದೆ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಹೇಳಿತು, 2023ರಲ್ಲಿ ಮತ್ತೆ ಹೇಳಿತು. ಪ್ಲಾಸ್ಟಿಕ್ ಕೈಚೀಲವನ್ನು ರಾಜ್ಯ 2016ರಲ್ಲೇ ನಿಷೇಧಿಸಿದೆ. 2025ರಲ್ಲಿ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಹಾಸುತ್ತಿದ್ದ ಪ್ಲಾಸ್ಟಿಕ್ ಹಾಳೆಯ ಸುದ್ದಿ ಬಂದಾಗ ನಮ್ಮ ದರ್ಶಿನಿಯಲ್ಲಿ ಬಟ್ಟೆಯ ಇಡ್ಲಿ ಎಂದು ಹೊಸ ಬೋರ್ಡು ಹತ್ತಿತು. ಚಟ್ನಿ, ಸಾಂಬಾರಿನ ಕವರು ಮಾತ್ರ ಎಲ್ಲ ಆದೇಶಗಳ ನಡುವೆ ಹೇಗೋ ನುಸುಳಿಕೊಂಡು ಉಳಿದಿದೆ.

ಮೊನ್ನೆ ರಾತ್ರಿ ಹತ್ತೂವರೆಗೆ ಹೋದಾಗ ಶಟರು ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದೆ. ಒಬ್ಬ ಹುಡುಗ ನೆಲಕ್ಕೆ ನೀರು ಹೊಡೆಯುತ್ತಿದ್ದ. ಪಾರ್ಸೆಲ್ ಅಣ್ಣ ಅಂಗಿ ಬದಲಿಸಿ, ಕೌಂಟರಿನ ಅಡಿಯಿಂದ ಸ್ಟೀಲಿನ ಎರಡು ಅಂಕಣದ ಕ್ಯಾರಿಯರ್ ತೆಗೆದು, ಒಂದರಲ್ಲಿ ಮಿಕ್ಕ ನಾಲ್ಕು ಇಡ್ಲಿ ಜೋಡಿಸಿ, ಇನ್ನೊಂದಕ್ಕೆ ಸಾಂಬಾರು ಬಗ್ಗಿಸುತ್ತಿದ್ದರು. ತಲೆಯ ಮೇಲೆ ದಾರ ತೂಗುತ್ತಲೇ ಇತ್ತು, ಕವರಿನ ಕಟ್ಟು ಕೈಗೆ ಎಟುಕುವಲ್ಲೇ ಇತ್ತು.

"ನಿಮ್ಮದು ಪಾರ್ಸೆಲ್ ಅಲ್ವಾ?" ಎಂದೆ.

ಅವರು ಕ್ಯಾರಿಯರಿನ ಕೊಂಡಿ ಹಾಕುತ್ತಾ ನಕ್ಕರು. "ಬಿಸಿ ಸಾಂಬಾರ್ ಕವರಿಗೆ ಹಾಕುಕಾಗ ಮಾರಾಯ್ರೆ," ಎಂದರು. "ಒಳ್ಳೇದಲ್ಲ." ಆಮೇಲೆ, ಅಭ್ಯಾಸಬಲ ನೋಡಿ, "ನಿಮಗೆ ಏನು ಕಟ್ಟಲಿ?" ಎಂದು ದಾರದ ತುದಿಗೆ ಕೈ ಹಾಕಿದರು.